ಉಗಾಂಡಾಕ್ಕೆ ಐದು ಕೆಜಿ ರಾಗಿ ಹಿಟ್ಟು

"ಅಲ್ಲಿ ಅವನಿಗೆ ಹಿಟ್ಟು ಯಾರು ಮಾಡಿಕೊಡ್ತಾರೆ?"

ಅಮ್ಮನ ಚಿಂತೆ ಇದೊಂದೇ. ಮಂಡ್ಯ ಕಡೆಯವರಿಗೆ ಹಿಟ್ಟು ಅಂದ್ರೆ ಮುದ್ದೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ತಮ್ಮ ಫಿಸಿಯೋಥೆರಪಿಸ್ಟ್. ಬೆಂಗಳೂರಿನ ಕೆಲಸ ಬಿಟ್ಟು ಪೂರ್ವ ಉಗಾಂಡಾದ ಸೊರೋಟಿಗೆ ಸ್ವಯಂಸೇವಕನಾಗಿ ಹೋಗಿ ಒಂಬತ್ತು ತಿಂಗಳಾಗಿತ್ತು. ಸಂಬಳವಿಲ್ಲ. ಇರೋಕೆ ಒಂದು ರೂಮು, ಊಟಕ್ಕೆ ಒಂದಿಷ್ಟು ದುಡ್ಡು. ವಿಡಿಯೋ ಕಾಲ್‌ನಲ್ಲಿ ಕೆನ್ನೆ ಒಳಗೆ ಹೋದಂತೆ ಕಂಡಿತು ಅನ್ನುವುದು ಅಮ್ಮನ ವಾದ. ಹೀಗಾಗಿ ಜುಲೈನಲ್ಲಿ ನಾನು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು, ಅದರ ಹಳದಿ ಕಾರ್ಡು ಹಿಡಿದು, ಬಟ್ಟೆ ಕಡಿಮೆ ಮಾಡಿ, ಐದು ಕೆಜಿ ರಾಗಿ ಹಿಟ್ಟು ತುಂಬಿಕೊಂಡು ಹೊರಟೆ.

ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಎಂಟೆಬ್ಬೆಗೆ ಇಳಿದೆ. ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ ಹೋಯಿತು. ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆರೆಸಿದರು. ಅಧಿಕಾರಿ ಹಿಟ್ಟಿನ ಪೊಟ್ಟಣ ಎತ್ತಿ ನೋಡಿದರು, ಹಿಸುಕಿದರು, ಮೂಸಿದರು. ಮುಖದಲ್ಲಿ ನಗು ಬಂತು. "ಇದು ಬುಲೋ ಅಲ್ವಾ? ಉಗಾಂಡಾಕ್ಕೆ ಬುಲೋ ತಂದಿದ್ದೀರಾ?" ಪಕ್ಕದವರನ್ನೂ ಕರೆದು ತೋರಿಸಿದರು. ಗಂಗಾ ನದಿಗೆ ಬಿಸ್ಲೇರಿ ಬಾಟಲಿ ತಂದವಳನ್ನು ನೋಡುವ ಹಾಗೆ ಅವರೆಲ್ಲ ನನ್ನನ್ನು ನೋಡಿದರು. ಲುಗಾಂಡಾ ಭಾಷೆಯಲ್ಲಿ ರಾಗಿಗೆ ಬುಲೋ ಅಂತಾರೆ ಅಂತ ಆಮೇಲೆ ತಿಳಿಯಿತು. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನೆಲ. ನಮ್ಮ ಕಡೆಗೆ ಅದು ಬಂದದ್ದು ಸಾವಿರಾರು ವರ್ಷಗಳ ಹಿಂದೆ, ಇಲ್ಲಿಂದಲೇ.

ಮಾರನೇ ದಿನ ಕಂಪಾಲಾದಿಂದ ಬಸ್ಸು. ಎಂಟಕ್ಕೆ ಬಿಡುತ್ತೆ ಅಂದಿದ್ದರು, ಹತ್ತೂವರೆಗೆ ಬಿಟ್ಟಿತು. ಸೀಟು ತುಂಬಿದ ಮೇಲೇ ಹೊರಡುವುದು ಅಲ್ಲಿನ ಲೆಕ್ಕ. ಜಗಳ ಮಾಡೋಣ ಅಂತ ಸುತ್ತ ನೋಡಿದರೆ ಯಾರಿಗೂ ಜಗಳದ ಮೂಡಿಲ್ಲ, ಸುಮ್ನೆ ಕೂತೆ. ದಾರಿಯಲ್ಲಿ ನಮವೊಜ್ಜೊಲೋ ಸಂತೆ ಬಂತು. ಕಿಟಕಿ ಕಿಟಕಿಗೂ ಕಡ್ಡಿಗೆ ಚುಚ್ಚಿದ ಸುಟ್ಟ ಕೋಳಿ, ಸುಟ್ಟ ಬಾಳೆಹಣ್ಣು ತೂರಿ ಬಂದವು. ಲುಗಾಜಿಯ ಕಬ್ಬಿನ ಗದ್ದೆ ಬಂದಾಗ ಮದ್ದೂರು ದಾಟುತ್ತಿದ್ದೇನೇನೋ ಅನ್ನಿಸಿತು. ಇಲ್ಲಿನ ದೊಡ್ಡ ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿದವರು ಗುಜರಾತಿ ಮನೆತನಗಳು. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರಿಗೆ 90 ದಿನ ಗಡುವು ಕೊಟ್ಟು ದೇಶದಿಂದ ಓಡಿಸಿದ, ಆಮೇಲೆ ಕೆಲವರು ವಾಪಸ್ ಬಂದರು. ಮಾಬಿರಾ ಕಾಡು ಕಳೆದು ಜಿಂಜಾದಲ್ಲಿ ನೈಲ್ ನದಿ ದಾಟಿದೆವು. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಬಿಟ್ಟದ್ದು ಇಲ್ಲೇ. ಬಸ್ಸು ನಿಲ್ಲಲಿಲ್ಲ. ನನಗೆ ಕಂಡದ್ದು ಸೇತುವೆಯ ಕೇಬಲ್ಲುಗಳು ಮತ್ತು ಮುಂದಿನ ಸೀಟಿನವನ ಟೋಪಿ.

ಸೊರೋಟಿ ತಲುಪುವಾಗ ಕತ್ತಲಾಗಿತ್ತು. ತಮ್ಮನ ಕೆನ್ನೆ ಒಳಗೆ ಹೋಗಿರಲಿಲ್ಲ. ಹೊಟ್ಟೆ ಸ್ವಲ್ಪ ಹೊರಗೆ ಬಂದಿತ್ತು.

ಕಾರಣ ಆ ರಾತ್ರಿಯೇ ಗೊತ್ತಾಯಿತು. ಅವನ ಮನೆ ಒಡತಿ ತಟ್ಟೆ ತಂದಿಟ್ಟರು. ಕಂದು ಬಣ್ಣದ, ಹೊಳೆಯುವ, ಹಬೆಯಾಡುವ ಒಂದು ಗುಡ್ಡೆ. ಜೊತೆಗೆ ಶೇಂಗಾ ಅರೆದು ಹಾಕಿ ಬೇಯಿಸಿದ ಅಲಸಂದೆ ಸೊಪ್ಪು. "ಆಟಪ್" ಅಂದರು. ಬಲಗೈಯಲ್ಲಿ ಮುರಿದು, ಉಂಡೆ ಕಟ್ಟಿ, ಹೆಬ್ಬೆಟ್ಟಲ್ಲಿ ಗುಳಿ ಮಾಡಿ, ಸೊಪ್ಪು ತುಂಬಿ ಬಾಯಿಗೆ. ರಾಗಿಯ ಜೊತೆ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ, ಅದಕ್ಕೇ ಜಿಗುಟು ಜಾಸ್ತಿ, ತುಸು ಹುಳಿ. ನಮ್ಮ ಹಾಗೆ ನುಂಗಲ್ಲ, ಅಗಿಯುತ್ತಾರೆ. ನಾನು ನುಂಗಿದ್ದು ನೋಡಿ ಮನೆಯ ಮಕ್ಕಳು ಬಿದ್ದು ಬಿದ್ದು ನಕ್ಕವು. ನನ್ನ ಐದು ಕೆಜಿ ಪೊಟ್ಟಣ ಮೂಲೆಯಲ್ಲಿ ಅಪರಾಧಿಯ ಹಾಗೆ ಕೂತಿತ್ತು.

ಇಲ್ಲಿಯವರು ಇಟೆಸೊ ಜನ, ಭಾಷೆ ಆಟೆಸೊ. ಎದುರು ಸಿಕ್ಕವರೆಲ್ಲ "ಯೋಗಾ" ಅನ್ನುತ್ತಾರೆ. ಮೊದಲ ದಿನ ಭಾರತದವಳು ಅಂತ ಛೇಡಿಸುತ್ತಿದ್ದಾರೆ ಅಂದುಕೊಂಡೆ. ಅದು ಅವರ ನಮಸ್ಕಾರ. "ಎಯಲಾಮ" ಅಂದರೆ ಥ್ಯಾಂಕ್ಸ್. ಎರಡು ಪದದಲ್ಲಿ ಎರಡು ವಾರ ಕಳೆದೆ. ಇನ್ನೊಂದು: ನಾವು ಎಡವಿದರೆ ದಾರಿಹೋಕರು "ಸಾರಿ, ಸಾರಿ" ಅಂತಾರೆ, ಅವರ ತಪ್ಪೇನೂ ಇಲ್ಲದಿದ್ದರೂ. ಸೊರೋಟಿ ಬಂಡೆ ಹತ್ತುವಾಗ ನನಗೆ ಇಂಥ ಹನ್ನೊಂದು ಸಾರಿ ಸಿಕ್ಕವು.

ಗುರುವಾರ ಕ್ಲಿನಿಕ್ಕು. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಕ್ಕಳಿಗೆ. ನಮ್ಮಲ್ಲಿ ಸೊಟ್ಟ ಪಾದ ಅಂತೀವಲ್ಲ, ಅದೇ. ಬೆಂಚಿನ ತುಂಬ ಬಣ್ಣದ ಬಟ್ಟೆ ಸುತ್ತಿದ ತಾಯಂದಿರು, ಅವರ ಮಡಿಲಲ್ಲಿ ಪ್ಲಾಸ್ಟರ್ ಕಾಲಿನ ಕೂಸುಗಳು. ಪೊನ್ಸೆಟಿ ವಿಧಾನ ಅಂತ ಇದರ ಹೆಸರು. ಆಪರೇಷನ್ ದೊಡ್ಡದಿಲ್ಲ. ಪಾದವನ್ನು ಮೆಲ್ಲಗೆ ಒಂಚೂರು ಹೊರಕ್ಕೆ ತಿರುಗಿಸಿ ಪ್ಲಾಸ್ಟರ್ ಹಾಕುವುದು, ವಾರ ಬಿಟ್ಟು ಬಿಚ್ಚಿ ಇನ್ನೊಂಚೂರು ತಿರುಗಿಸಿ ಮತ್ತೆ ಹಾಕುವುದು. ಹೀಗೆ ಐದಾರು ಸಲ. ಆಮೇಲೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು, ಅಂದ್ರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿಯನ್ನು, ಒಂದು ಸಣ್ಣ ಗಾಯ ಮಾಡಿ ಕತ್ತರಿಸಬೇಕು.

ತಮ್ಮ ಪ್ಲಾಸ್ಟರ್ ಹಾಕುತ್ತಾನೆ ಅಂದುಕೊಂಡಿದ್ದೆ. ಅವನು ಮಗುವಿನ ಮೊಣಕಾಲು ಹಿಡಿದು ನಿಂತಿದ್ದ. ಹಾಕುತ್ತಿದ್ದವರು ಅಲ್ಲಿನ ಆರ್ಥೋಪೆಡಿಕ್ ಆಫೀಸರ್. ವಯಸ್ಸಾದವರು, ಡಾಕ್ಟರಲ್ಲ, ಆದರೆ ಕೈ ನೋಡಬೇಕು ನೀವು. ಹೆಬ್ಬೆರಳಿನಿಂದ ಒಂದೇ ಜಾಗ ಒತ್ತಿ, ಒದ್ದೆ ಪ್ಲಾಸ್ಟರ್ ಗಟ್ಟಿಯಾಗುವವರೆಗೂ ಕದಲಿಸಲಿಲ್ಲ. ಮಗು ತಾಯಿಯ ಹಾಲು ಕುಡಿಯುತ್ತಲೇ ಇತ್ತು, ಒಂದು ಸಲ ಮಾತ್ರ ಬಿಟ್ಟು ಅವರನ್ನು ಗುರಾಯಿಸಿ ಮತ್ತೆ ಕುಡಿಯಿತು. "ಕಲಿಸೋಕೆ ಅಂತ ಬಂದೆ, ಕಲಿತಿದ್ದೇ ಜಾಸ್ತಿ" ಅಂದ ತಮ್ಮ. ಹಾಗಾದ್ರೆ ನಿನ್ನ ಕೆಲಸ ಏನು ಅಂತ ಕೇಳಿದೆ. ಒಂದು ರಿಜಿಸ್ಟರ್ ತೋರಿಸಿದ.

ಕಾಲು ನೆಟ್ಟಗಾದ ಮೇಲೆ ಅಸಲಿ ಕಷ್ಟ ಶುರು. ಎರಡು ಪುಟ್ಟ ಶೂಗಳನ್ನು ಒಂದು ಕಬ್ಬಿಣದ ಪಟ್ಟಿಗೆ ಜೋಡಿಸಿದ ಬ್ರೇಸ್ ಹಾಕಬೇಕು. ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ಮಲಗುವಾಗ, ನಾಲ್ಕು ವರ್ಷ ಆಗುವವರೆಗೆ. ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಸ್ಟೀನ್‌ಬೀಕ್ ಎಂಬ ಡಚ್ ತಂತ್ರಜ್ಞ ಉಗಾಂಡಾದಲ್ಲಿದ್ದಾಗ, ಇಲ್ಲೇ ಸಿಗುವ ಚರ್ಮ ಬಳಸಿ ಮಾಡಿದ ಬ್ರೇಸ್ ಇದು. ಈಗ ಭಾರತದಲ್ಲೂ ಇದು ಬಳಕೆಯಲ್ಲಿದೆ. ರಾಗಿಯ ಹಾಗೆ ಇದೂ ಇಲ್ಲಿಂದಲೇ ಬಂದದ್ದಾ ಅಂದೆ. ತಮ್ಮ ನಗಲಿಲ್ಲ. ರಿಜಿಸ್ಟರಿನಲ್ಲಿ ಒಂದು ಹೆಸರಿನ ಮುಂದೆ ಮೂರು ಗುರುವಾರ ಖಾಲಿ ಇತ್ತು. ಬಾರದವರನ್ನು ಹುಡುಕುವುದೇ ಅವನ ಕೆಲಸ.

ಶನಿವಾರ ಬೋಡಾ ಬೋಡಾ ಅನ್ನುವ ಒಂದೇ ಬೈಕ್ ಟ್ಯಾಕ್ಸಿಯಲ್ಲಿ ಮೂವರು ಹೊರಟೆವು. ಡ್ರೈವರ್, ತಮ್ಮ, ನಾನು. ಇದನ್ನು ಅಮ್ಮನಿಗೆ ಹೇಳಿಲ್ಲ. ಕೆಂಪು ಮಣ್ಣಿನ ದಾರಿ, ಮಾವಿನ ಮರ, ಜವುಗು, ಮನೆಯಷ್ಟು ದೊಡ್ಡ ಬಂಡೆಗಳು. ಎರಡೂ ಪಕ್ಕ ಕೊಯ್ಲಿಗೆ ಬಂದ ರಾಗಿ ಹೊಲ. ಹೆಂಗಸರು ಸಣ್ಣ ಚಾಕುವಿನಲ್ಲಿ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ನಮ್ಮಲ್ಲಿ ಕುಡುಗೋಲಿನಲ್ಲಿ ಬುಡಕ್ಕೇ ಕೊಯ್ತೀವಿ, ಹುಲ್ಲು ದನಕ್ಕೆ ಬೇಕಲ್ಲ.

ಆ ತಾಯಿಯೂ ಹೊಲದಲ್ಲೇ ಸಿಕ್ಕಳು. ತಮ್ಮನನ್ನು ಕಂಡು ತಲೆ ತಗ್ಗಿಸಿದಳು. ಫೋನಿನಲ್ಲಿ ಎರಡು ಸಲ ಬೈದಿದ್ದನಂತೆ. ಎಂಟು ತಿಂಗಳ ಮಗು ತೆನೆ ರಾಶಿಯ ಪಕ್ಕ ಕೂತು ಮಣ್ಣು ತಿನ್ನುತ್ತಿತ್ತು, ಬ್ರೇಸ್ ಗುಡಿಸಲಿನ ಮೊಳೆಗೆ ನೇತಾಡುತ್ತಿತ್ತು. ತಮ್ಮ ಅದನ್ನು ಮಗುವಿಗೆ ಹಾಕಿ ನೋಡಿದ. ಶೂ ಚಿಕ್ಕದಾಗಿ ಬೆರಳುಗಳು ಮಡಚಿಕೊಂಡವು. ಮಗು ಕಿರುಚಿತು. ಅವನು ಬೇಗ ಬಿಚ್ಚಿ, ಕೆಂಪಾದ ಬೆರಳುಗಳನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡ. ಆಮೇಲೆ ಆಕೆಗೆ ಅಲ್ಲಿಯವರ ಹಾಗೇ "ಸಾರಿ, ಸಾರಿ" ಅಂದ. ಇವನ ಸಾರಿಗೆ ಮಾತ್ರ ಕಾರಣ ಇತ್ತು.

ಬರುವ ಗುರುವಾರ ದೊಡ್ಡ ಅಳತೆಯದು ಕೊಡ್ತೀನಿ, ಬಸ್ ಚಾರ್ಜೂ ಕೊಡ್ತೀನಿ ಅಂದ. ಆಕೆ ಹೊಲ ತೋರಿಸಿದಳು. ಮಳೆ ಬಂದರೆ ತೆನೆ ಹಾಳು. ಯಾವ ಕಡೆಯ ರೈತರ ಮನೆಯಲ್ಲೂ ಇದಕ್ಕೆ ಎದುರು ಮಾತಿಲ್ಲ. ನಾನು ಚಾಕು ಇಸಿದುಕೊಂಡು ಒಂದು ಸಾಲು ಕೊಯ್ದೆ. ಆಕೆ ಎರಡೂವರೆ ಸಾಲು ಮುಗಿಸಿದ್ದಳು.

ಬುಧವಾರ ಸೊರೋಟಿ ಬಿಟ್ಟೆ. ಗುರುವಾರ ಸಂಜೆ ಆಡಿಸ್‌ನಲ್ಲಿ ಬೆಂಗಳೂರು ವಿಮಾನಕ್ಕೆ ಕಾಯುತ್ತಾ ಕೂತಿದ್ದಾಗ ತಮ್ಮನ ಮೆಸೇಜು ಬಂತು.

"ಬಂದಿದ್ಲು. ಶೂ ಸರಿ ಆಯ್ತು. ಒಂದು ಚೀಲ ಹೊಸ ರಾಗಿ ಕೊಟ್ಟು ಹೋಗಿದ್ದಾಳೆ. ನೀನು ತಂದಿದ್ದು ಇನ್ನೂ ಹಾಗೇ ಇದೆ. ಅಮ್ಮಂಗೆ ನೀನೇ ಏನಾದ್ರೂ ಹೇಳು."