ಪದ್ಮಿನಿಯ ಇಂಜಿನ್ ಬಿಚ್ಚಿದಾಗ

ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಾಟಿಯ ಅರ್ಧದಲ್ಲಿ ನಮ್ಮ ಹಳೇ ಕಾರು ಪ್ರೀಮಿಯರ್ ಪದ್ಮಿನಿ ಎಳೆಯುವುದನ್ನೇ ಬಿಟ್ಟಿತು. ಎರಡನೇ ಗೇರಿಗೆ ಹಾಕಿದರೂ ದಮ್ಮಿಲ್ಲ. ಟೆಂಪರೇಚರ್ ಮುಳ್ಳು ನೋಡಿದರೆ ಕೆಳಗೇ ಇದೆ. ನೀರೆಲ್ಲ ಸೋರಿಹೋದ ಮೇಲೆ ಅದು ಅಳೆಯುವುದಾದರೂ ಏನನ್ನು? ಕಟಕಟ ಸದ್ದು ಶುರುವಾಯಿತು, ಗಾಡಿ ನಿಂತಿತು. ಮತ್ತೆ ಕೀ ತಿರುಗಿಸಿದರೆ ‘ಟಕ್’ ಅಂದಿದ್ದಷ್ಟೇ.

ಅಲ್ಲಿ ಗಾಡಿ ನಿಲ್ಲಿಸಿದವರದ್ದೆಲ್ಲ ಒಂದೇ ಸಲಹೆ, ಹಳ್ಳದ ನೀರು ತಂದು ಹೊಯ್ಯಿರಿ ಅಂತ. ನಾನು ಬಿಡಲಿಲ್ಲ. ಪದ್ಮಿನಿಯ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಒಡಲು, ಬೀಡು ಕಬ್ಬಿಣ; ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ ಅಲ್ಯೂಮಿನಿಯಂ. ಕಾದು ಕೂತಾಗ ತಣ್ಣೀರು ಬಿದ್ದರೆ ಸೀಳು ಬಿಡಬಹುದು. “ಎಂತಕ್ಕೆ ಇದೆಲ್ಲ ಭಾವ, ಗುಜರಿಗೆ ಕೊಡು ಮಾರಾಯ” ಎಂದ ಜೊತೆಗಿದ್ದ ಹೆಂಡತಿಯ ತಮ್ಮ. ಕಡೆಗೆ ಒಂದು ಪಿಕಪ್ಪಿಗೆ ಹಗ್ಗ ಕಟ್ಟಿ ಶಿರಸಿ ಮುಟ್ಟಿದೆವು.

ಗ್ಯಾರೇಜಿನ ಮೇಸ್ತ್ರಿ ಮೊದಲು ಎಣ್ಣೆ ಅಳೆಯುವ ಡಿಪ್‌ಸ್ಟಿಕ್ ಎಳೆದರು. ಎಣ್ಣೆ ಹಾಲು ಜಾಸ್ತಿಯಾದ ಚಹಾದ ಹಾಗಿತ್ತು. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಗಿ ಉಳಿದ ನೀರು ಎಣ್ಣೆಗೆ ಸೇರಿತ್ತು. ಹೆಡ್ ಬಿಚ್ಚಿ, ಮಗುಚಿ, ಮೇಲೊಂದು ಉಕ್ಕಿನ ಪಟ್ಟಿ ಇಟ್ಟರು. ಪಟ್ಟಿಯ ಅಡಿಗೆ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆ ತೂರಿಸಿದರೆ, ತುದಿಗಳಲ್ಲಿ ತಡೆಯಿತು, ನಡುವೆ ಸಲೀಸಾಗಿ ಒಳಗೆ ಹೋಯಿತು. ಹೆಡ್ ಬಾಗಿದೆ! ಮೂರನೇ ಬೋರಿನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯಲ್ಲಿ, ಉಗುರಿಗೆ ಸಿಗುವಷ್ಟು ಗೀರು. ಪಿಸ್ಟನ್ ಅಲ್ಲೇ ಕಚ್ಚಿಕೊಂಡಿತ್ತು.

ಇಷ್ಟಕ್ಕೆಲ್ಲ ಕಾರಣ ಬ್ಲಾಕಿನ ಪಕ್ಕದ ಒಂದು ಡಮ್ಮಿ. ಎರಕ ಹೊಯ್ದಾಗ ಒಳಗಿನ ಮರಳು ತೆಗೆಯಲು ಬಿಟ್ಟ ತೂತುಗಳಿಗೆ ತಗಡಿನ ಬಿಲ್ಲೆ ಬಡಿದು ಮುಚ್ಚಿರುತ್ತಾರಲ್ಲ, ಅದು. ಹಿಂದಿನ ಮಾಲೀಕರ ಕಾಲದಿಂದ ಬಾವಿ ನೀರು ಕುಡಿದ ಗಾಡಿ. ಒಳಗಿಂದಲೇ ತುಕ್ಕು ತಿಂದು ಡಮ್ಮಿ ತೂತಾಗಿತ್ತು.

“ಹೆಗಡೇರೆ, ಡೀಸೆಲ್ ಇಂಜಿನ್ ಒಂದು ಸಿಗ್ತದೆ, ಕೂರಿಸಿಬಿಡುವಾ?” ಎಂದರು ಮೇಸ್ತ್ರಿ. ಖರ್ಚು ಕಡಿಮೆ, ನಿಜ. ಆದರೆ ಆರ್‌ಸಿಯಲ್ಲಿ ಇಂಜಿನ್ ನಂಬರ್ ಬದಲಿಸಲು ಆರ್‌ಟಿಓ ಕಚೇರಿ ಸುತ್ತಬೇಕು, ಮೂತಿಯ ಭಾರವೂ ಹೆಚ್ಚುತ್ತದೆ. ಅದಕ್ಕಿಂತ, 1089 ಸಿಸಿಯ ಈ ಇಂಜಿನ್ ತೆಗೆದರೆ ಉಳಿಯೋದು ಬರೀ ಡಬ್ಬ, ಅಲ್ವಾ?

ಹೆಡ್ಡು, ಬ್ಲಾಕು ಎರಡೂ ಹುಬ್ಬಳ್ಳಿಯ ಲೇತಿಗೆ ಹೋದವು. ಹೆಡ್ಡಿನ ಬಾಗು ಹೋಗುವಂತೆ ಉಜ್ಜಿ ಸಮ ಮಾಡುವ ಫೇಸಿಂಗ್, ನಾಲ್ಕೂ ಸಿಲಿಂಡರ್ ಕೊರೆದು ತುಸು ಅಗಲಿಸುವ ರೀಬೋರ್. ತಡವಾಗಿದ್ದು ಒಂದು ಸೈಜ್ ದೊಡ್ಡ ಪಿಸ್ಟನ್ ಹುಡುಕುವುದರಲ್ಲಿ. ಮುಂಬೈ ಟ್ಯಾಕ್ಸಿಗಳಿದ್ದಷ್ಟು ಕಾಲ ಪದ್ಮಿನಿ ಸಾಮಾನಿಗೆ ಬರವಿರಲಿಲ್ಲ. 2023ರಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಈಗ ಹಳೇ ಅಂಗಡಿಗಳ ಅಟ್ಟದಲ್ಲಿ ಸಿಕ್ಕಿದ್ದೇ ಭಾಗ್ಯ.

ಜೋಡಿಸುವ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಶುರುಮಾಡಿ ಅಂಚಿನ ಕಡೆಗೆ, ಒಂದೇ ಸಲಕ್ಕೆ ಬಿಗಿಯದೆ, ಸುತ್ತು ಸುತ್ತಾಗಿ ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಬಿಗಿದರು. ನಡುವೆ ಮಾತಾಡಿಸಿದರೆ ಉತ್ತರವೇ ಇಲ್ಲ. ಡಮ್ಮಿಗಳನ್ನಂತೂ ಒಂದೂ ಬಿಡದೆ ಬದಲಿಸಿ ಹಿತ್ತಾಳೆಯದ್ದು ಹಾಕಿದರು.

ಈಗ ಪಿಸ್ಟನ್ನಿನ ರಿಂಗುಗಳು ಬೋರಿಗೆ ಹೊಂದಿಕೊಳ್ಳಬೇಕು. ಐವತ್ತು ದಾಟಿಸಬೇಡಿ, ಘಾಟಿ ಹತ್ತಿಸಬೇಡಿ ಎಂದಿದ್ದಾರೆ ಮೇಸ್ತ್ರಿ. ಹಾಗಾಗಿ ಬನವಾಸಿ ಕಡೆ ಓಡಿಸುತ್ತಿದ್ದೇನೆ. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.