ಮಳೆಗಾಲದ ಕಸಿ ಚಾಕುವಿಗೆ ಯಾವ ಒರೆ?

ಕಸಿ ಚಾಕು ಒಂದೇ ಮಗ್ಗುಲಿಗೆ ಮಸೆದದ್ದು. ಇನ್ನೊಂದು ಮಗ್ಗುಲು ಸಪಾಟು. ಕಡ್ಡಿಯನ್ನು ಒಂದೇ ಎಳೆತಕ್ಕೆ ನುಣ್ಣಗೆ ಕೊಯ್ಯಬೇಕು. ಕೊಯ್ದ ಜಾಗದಲ್ಲಿ ಏರುತಗ್ಗು ಉಳಿದರೆ ಕಡ್ಡಿಯೂ ಅದನ್ನು ಕಟ್ಟುವ ಬೇರುಸಸಿಯೂ ಸರಿಯಾಗಿ ಕೂಡುವುದಿಲ್ಲ. ಹಾಗಾಗಿ ಚಾಕುವಿನ ಬಾಯಿ ಕೆಡದಂತೆ ನೋಡಿಕೊಳ್ಳುವುದು ಅರ್ಧ ಕೆಲಸ. ಅದಕ್ಕೇ ಚಾಕುವನ್ನು ತೂರಿಸಿಡಲು ಒಂದು ಒರೆ ಬೇಕು.

ನನ್ನ ಚಾಕು ಮಡಚುವಂಥದ್ದಲ್ಲ. ನಮ್ಮೂರ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಟ್ಟದ್ದು. ಹಿಡಿ ನನ್ನ ಅಂಗೈ ಅಳತೆಯದು. ಅಂಗಡಿಯಲ್ಲಿ ಸಿಗುವ ಯಾವ ಒರೆಗೂ ಅದು ಕೂರುವುದಿಲ್ಲ. ಗಂಡಸರು ಕತ್ತಿಯನ್ನು ಸೊಂಟದ ಮರದ ಕೊಕ್ಕೆಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುತ್ತಾರೆ. ಇಷ್ಟು ಹರಿತದ ಪುಟ್ಟ ಚಾಕುವನ್ನು ಹಾಗೆ ಬಿಟ್ಟುಕೊಂಡು ಓಡಾಡುವುದು ಅಪಾಯ. ಸೀರೆಗೆ ಜೇಬೂ ಇಲ್ಲ. ನಾನು ಸೀರೆಯ ಮೇಲೆ ಹಳೆಯ ತುಂಬುತೋಳಿನ ಅಂಗಿ ಹಾಕಿ, ಅದರ ಮೇಲೆ ಸೊಂಟಕ್ಕೊಂದು ಪಟ್ಟಿ ಕಟ್ಟಿಕೊಳ್ಳುತ್ತೇನೆ. ಆ ಪಟ್ಟಿಗೆ ಒರೆ. ಕುಕ್ಕರಗಾಲಲ್ಲಿ ಕೂತರೂ ಚಾಕು ಜಾರಬಾರದು. ಒಂದೇ ಕೈಯಲ್ಲಿ ಹೊರಗೆ ಬರಬೇಕು, ಇನ್ನೊಂದು ಕೈಯಲ್ಲಿ ಕಸಿಕಡ್ಡಿ ಇರುತ್ತದಲ್ವಾ.

ಸಾಗರದ ಕಡೆಯ ಪುಟ್ಟ ನರ್ಸರಿ ನಮ್ಮದು. ಅಪ್ಪೆಮಿಡಿಗೆ ಮೆದುಕಾಂಡದ ಕಸಿ, ಮೆಣಸಿನ ಬಳಗದ್ದೇ ಆದ ಕೊಲುಬ್ರಿನಂ ಹಿಪ್ಪಲಿಯ ಬೇರುಸಸಿಯ ಮೇಲೆ ಕಾಳುಮೆಣಸಿನ ಕಸಿ. ಕೆಲಸ ಜಾಸ್ತಿ ಇರುವುದೇ ಮಳೆಗಾಲದಲ್ಲಿ, ಗಾಳಿಯಲ್ಲಿ ತೇವ ತುಂಬಿರುವಾಗ. ಒರೆಗೆ ಸಾಮಾನು ಹುಡುಕಲು ಹೊರಟಾಗ ನಾನು ಮೊದಲು ಕೇಳಿಕೊಂಡ ಪ್ರಶ್ನೆ ಇದೊಂದೇ: ಇದನ್ನು ತೊಳೆಯಬಹುದಾ, ತೊಳೆದ ಮೇಲೆ ಬೇಗ ಒಣಗುತ್ತದಾ? ಬೇಕಾದ ಆಕಾರಕ್ಕೆ ಬಗ್ಗುವ ಸಾಮಾನು ಬೇಕಷ್ಟಿವೆ. ಮಲೆನಾಡಿನ ಮಳೆಗಾಲ ತಡೆಯುವಂಥವು ಕಡಿಮೆ.

ಈ ಪ್ರಶ್ನೆ ಚಾಕು ತುಕ್ಕು ಹಿಡಿಯುತ್ತದೆ ಅಂತ ಮಾತ್ರ ಅಲ್ಲ. ಅಡಿಕೆಯ ಕೊಳೆರೋಗ, ಮೆಣಸಿನ ಸೊರಗುರೋಗ ಎರಡನ್ನೂ ತರುವುದು ಫೈಟಾಫ್ತೊರಾ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳ ಗುಂಪಿನವು. ಅವುಗಳ ಬೀಜಕಣ ನೀರಿನಲ್ಲಿ ಈಜಿಕೊಂಡು ಹರಡುತ್ತವೆ. ಆ ರೋಗ ತಡೆಯಲಿ ಅಂತಲೇ ಕೊಲುಬ್ರಿನಂ ಬೇರು ಆರಿಸಿಕೊಂಡು ಕಸಿ ಕಟ್ಟುತ್ತೇವೆ. ಅಂಥ ಕೆಲಸಕ್ಕೆ ಮಣ್ಣು ಮೆತ್ತಿದ ಒದ್ದೆ ಒರೆಯಿಂದ ಚಾಕು ಎಳೆಯಲು ನನಗೆ ಮನಸ್ಸಿಲ್ಲ.

ಚರ್ಮ ಇಲ್ಲೇ ಬಿದ್ದುಹೋಯಿತು. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮವನ್ನು ನೆನೆಸಿ, ಚಾಕುವಿನ ಸುತ್ತ ಒತ್ತಿ ಒಣಗಿಸಿದರೆ ಆಕಾರ ಚೆನ್ನಾಗಿ ನಿಲ್ಲುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತನೆ ಚರ್ಮ ಹಾಗೆ ನಿಲ್ಲುವುದಿಲ್ಲ. ಆದರೆ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುವ ಊರು ನಮ್ಮದು. ನಮ್ಮ ಅತ್ತಿಗೆಯ ಚರ್ಮದ ಒರೆಯ ಒಳಗೆ ಚಾಕುವಿಗೆ ಕೆಂಪು ಚುಕ್ಕೆ ಎದ್ದದ್ದನ್ನು ನೋಡಿದ್ದೇನೆ. ಕಮ್ಮಾರರೂ ಚಾಕು ಕೊಡುವಾಗಲೇ ಹೇಳಿದ್ದರು, "ಅಮ್ಮಾ, ಚರ್ಮದೊಳಗೆ ಮಾತ್ರ ಇಟ್ಟುಬಿಡಬೇಡಿ."

ಅಡಿಕೆ ಹಾಳೆಯ ಮೇಲೆ ನನಗೆ ಬಹಳ ಆಸೆ ಇತ್ತು. ತೋಟದಲ್ಲೇ ಬೀಳುತ್ತದೆ, ದುಡ್ಡು ಕೊಡಬೇಕಿಲ್ಲ. ನೀರಲ್ಲಿ ನೆನೆಸಿದರೆ ಹೇಳಿದ ಹಾಗೆ ಬಾಗುತ್ತದೆ, ಒಣಗಿದರೆ ಗಟ್ಟಿ. ತಟ್ಟೆ ಮಾಡುವವರು ನೆನೆಸಿದ ಹಾಳೆಯನ್ನೇ ಬಿಸಿ ಅಚ್ಚಿನಲ್ಲಿ ಒತ್ತುವುದು. ಕರಾವಳಿಯ ಹಾಳೆಟೋಪಿಯೂ ಇದರದ್ದೇ. ನೆನೆಸಿದ ಹಾಳೆಯನ್ನು ಅಲಗಿನ ಸುತ್ತ ಮಡಚಿ, ಎರಡು ಹಲಗೆಯ ನಡುವೆ ಬಿಗಿದು ಒಲೆಯ ಪಕ್ಕ ಒಣಗಿಸಿ, ಅಂಚನ್ನು ದಾರದಲ್ಲಿ ಹೊಲಿದೆ. ಕೈಗೆ ಎಷ್ಟು ಹಗುರ! ನೋಡಲೂ ಚಂದ. ಮಾರ್ಚ್, ಏಪ್ರಿಲ್‌ನಲ್ಲಿ ಕೆಲಸ ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಯಾವ ನೀರಿನಿಂದ ಅದು ಮೆತ್ತಗಾಯಿತೋ ಅದೇ ನೀರು ಮತ್ತೆ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಅಂಚು ಬಿಚ್ಚಿಕೊಳ್ಳುತ್ತದೆ. ಮಳೆಗಾಲಕ್ಕೆ ಆಗದು.

ಎಂ-ಸೀಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಮುದ್ದೆ ಕಲಸಿದರೆ ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅದು. ಹಿಡಿಯೊಳಗೆ ಚಾಕುವಿನ ಬಾಲ ಅಲುಗಾಡಿದರೆ ತುಂಬಲು ಅದಕ್ಕಿಂತ ಒಳ್ಳೆಯದಿಲ್ಲ. ಒರೆಯಷ್ಟು ತೆಳ್ಳಗೆ ಹರಡಿದರೆ ಬಿದ್ದಾಗ ಸಿಡಿಯುತ್ತದೆ.

ಆನ್‌ಲೈನಿನಲ್ಲಿ ಬಿಳಿ ಕಾಳುಗಳ ರೂಪದಲ್ಲಿ ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಪ್ಲಾಸ್ಟಿಕ್ ಸಿಗುತ್ತದೆ. ಸುಮಾರು 60 ಡಿಗ್ರಿಗೆ ಕರಗುತ್ತದೆ. ಬಿಸಿನೀರಿಗೆ ಹಾಕಿದರೆ ಕಾಳು ಪಾರದರ್ಶಕ ಆಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೈಯಲ್ಲಿ ನಾದಿ ಬೇಕಾದ ಆಕಾರ ಕೊಡಬಹುದು. ಆರಿದರೆ ಮತ್ತೆ ಬಿಳಿ, ಒಳ್ಳೆ ಗಟ್ಟಿ. ಚಾಕುವಿನ ಹಿಡಿಗೆ ಬೆರಳಿನ ಗುರುತು ಮೂಡಿಸಲು ಇದು ತುಂಬಾ ಒಳ್ಳೆಯದು. ಕೈ ನಡುಗುವ ಹಿರಿಯರ ಚಮಚಕ್ಕೆ ಹಿಡಿ ಮಾಡಲೂ ನಾನು ಇದನ್ನೇ ಆರಿಸುತ್ತೇನೆ. ಒರೆಗೆ ಬೇಡ ಅನ್ನಲು ಕಾರಣ ನಮ್ಮ ಬಚ್ಚಲ ಒಲೆ. ಮಳೆಗಾಲದಲ್ಲಿ ಒದ್ದೆ ಅಂಗಿ, ಪಟ್ಟಿ ಎಲ್ಲ ಒಣಗುವುದು ಆ ಒಲೆಯ ಮೇಲಿನ ಹಗ್ಗದಲ್ಲೇ. ಯಾರೋ ಒಬ್ಬರು ಒರೆಯನ್ನೂ ಪಟ್ಟಿಯ ಜೊತೆ ಅಲ್ಲಿ ನೇತುಹಾಕಿದರೆ ಆಯಿತು, ಆಕಾರವೇ ಹೋಯಿತು.

ಚಾಕು ಮಾಡುವ ಹವ್ಯಾಸದವರು ಹೊಗಳುವುದು ಕೈಡೆಕ್ಸ್. ಅಮೆರಿಕದ ರೋಮ್ ಅಂಡ್ ಹಾಸ್ ಕಂಪನಿ 1965ರಲ್ಲಿ ವಿಮಾನದ ಒಳಭಾಗಕ್ಕೆಂದು ಮಾಡಿದ ಪ್ಲಾಸ್ಟಿಕ್ ಹಾಳೆ ಅದು, ಅಕ್ರಿಲಿಕ್ ಮತ್ತು ಪಿವಿಸಿಯ ಮಿಶ್ರಣ. ನೀರು ಹೀರುವುದಿಲ್ಲ, ತೊಳೆಯಬಹುದು. ಬಗ್ಗಿಸಲು 160 ಡಿಗ್ರಿ ದಾಟಬೇಕು, ಅಂದರೆ ಓವನ್ ಬೇಕು. ಒಂದು ಒರೆಗಾಗಿ ಹಾಳೆ ತರಿಸಿ ಓವನ್ ಹುಡುಕುವ ಬದಲು ಅದರ ಬಡ ಅಣ್ಣತಮ್ಮನನ್ನು ಹಿಡಿದೆ. ಪಂಪ್‌ಸೆಟ್ಟಿನ ಮೂಲೆಯಲ್ಲಿ ಬಿದ್ದಿದ್ದ ಪಿವಿಸಿ ಪೈಪಿನ ತುಂಡು.

ಪೈಪು ಆರಿಸುವಾಗ ಬಣ್ಣ ನೋಡಿ. ನೀರಾವರಿಯ ಬೂದು ಬಣ್ಣದ ಗಟ್ಟಿ ಪೈಪು ಬೇಕು, ಮೇಲೆ ಐಎಸ್ 4985 ಅಂತ ಅಚ್ಚು ಇರುತ್ತದೆ. ಅದು ಸುಮಾರು 80 ಡಿಗ್ರಿಯಲ್ಲಿ ಮೆತ್ತಗಾಗಲು ಶುರು. ಬಚ್ಚಲಿನ ಬಿಸಿನೀರಿಗೆ ಹಾಕುವ ಕೆನೆಬಣ್ಣದ ಸಿಪಿವಿಸಿ ಬೇಡ, ಕುದಿಯುವ ನೀರಿಗೂ ಬಗ್ಗದಂತೆ ಮಾಡಿದ್ದು ಅದು. ಹನಿ ನೀರಾವರಿಯ ಕಪ್ಪು ಪೈಪೂ ಬೇಡ, ಎಷ್ಟು ಮಡಚಿದರೂ ಪುಟಿದು ಹಿಂದಕ್ಕೆ ಬರುತ್ತದೆ.

32 ಎಂಎಂ ಪೈಪನ್ನು ಚಪ್ಪಟೆ ಮಾಡಿದರೆ ಸುಮಾರು 50 ಎಂಎಂ ಅಗಲ ಬರುತ್ತದೆ. ನನ್ನ ಚಾಕುವಿಗೆ ಅಷ್ಟು ಸಾಕು. ಅಲಗಿಗಿಂತ ಒಂದು ಬೆರಳು ಉದ್ದ ಬಿಟ್ಟು ಕತ್ತರಿಸಿದೆ. ಚಾಕು ತೂರಿಸುವ ಕಡೆ ಪೈಪಿನ ಒಂದು ಮೈಯನ್ನು ಮಾತ್ರ ನಾಲಿಗೆಯ ಹಾಗೆ ಉದ್ದಕ್ಕೆ ಉಳಿಸಿಕೊಂಡೆ. ಅಲಗಿನ ಸುತ್ತ ಕಾಗದದ ಟೇಪ್ ನಾಲ್ಕಾರು ಸುತ್ತು ಸುತ್ತಬೇಕು. ಆಮೇಲೆ ಟೇಪ್ ತೆಗೆದಾಗ ಅಷ್ಟು ಜಾಗ ಒಳಗೆ ಉಳಿಯುತ್ತದೆ, ಚಾಕುವಿನ ಬಾಯಿ ಪ್ಲಾಸ್ಟಿಕ್ಕಿಗೆ ಉಜ್ಜುವುದಿಲ್ಲ. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರು ಕುದಿಸಿ, ಪೈಪನ್ನು ಮುಳುಗಿಸಿ, ಮೆತ್ತಗಾದ ಮೇಲೆ ಇಕ್ಕಳದಲ್ಲಿ ತೆಗೆದು, ಚಾಕು ತೂರಿಸಿ, ಕಂಬಳಿಯ ತುಂಡು ಸುತ್ತಿ ಎರಡು ಹಲಗೆಯ ನಡುವೆ ಇಟ್ಟು ಮೇಲೆ ಭಾರ ಹೇರಬೇಕು. ದಪ್ಪ ಕೈಗವಸು ಹಾಕಿಕೊಂಡೇ ಮಾಡಿ. ಹಿಡಿಯ ಬುಡ ಇರುವಲ್ಲಿ ಹೆಬ್ಬೆರಳಿನಿಂದ ಒತ್ತಿ ಸಣ್ಣ ತಗ್ಗು ಮಾಡಿದರೆ ಚಾಕು ಟಕ್ ಅಂತ ಕೂರುತ್ತದೆ. ಆಮೇಲೆ ಎಲ್ಲವನ್ನೂ ತಣ್ಣೀರಿಗೆ.

ಕುದಿನೀರಿನ ದೊಡ್ಡ ಅನುಕೂಲ ಏನೆಂದರೆ ಅದ್ದಿದಷ್ಟು ಭಾಗ ಮಾತ್ರ ಮೆತ್ತಗಾಗುತ್ತದೆ. ನಾಲಿಗೆಯನ್ನಷ್ಟೇ ಎರಡನೇ ಸಲ ಅದ್ದಿ, ಹಿಂದಕ್ಕೆ ಬಾಗಿಸಿ ಪಟ್ಟಿಗೆ ಕೊಂಡಿ ಮಾಡಿಕೊಂಡೆ. ಆಕಾರ ಮನಸ್ಸಿಗೆ ಬರದಿದ್ದರೆ ಇಡೀ ಒರೆಯನ್ನು ಮತ್ತೆ ಕುದಿನೀರಿಗೆ ಹಾಕಿ. ಪೈಪಿಗೆ ತನ್ನ ಹಳೆಯ ದುಂಡು ಆಕಾರದ ನೆನಪಿದೆ, ತಾನಾಗೇ ಅತ್ತ ತಿರುಗುತ್ತದೆ. ಮತ್ತೆ ಮೊದಲಿಂದ ಶುರು ಮಾಡಬಹುದು. ಬೆಂಕಿಗೆ ಮಾತ್ರ ಖಂಡಿತ ಹಿಡಿಯಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಗಂಟಲು, ಕಣ್ಣು ಎರಡಕ್ಕೂ ಕೆಟ್ಟದ್ದು. ಪೈಪು ದಪ್ಪವಾಗಿದ್ದು ಕುದಿನೀರಿಗೆ ಬಗ್ಗದಿದ್ದರೆ ತೆಳು ಪೈಪು ಹುಡುಕಿ.

ತುದಿಯನ್ನು ಪೂರ್ತಿ ಮುಚ್ಚದೆ ಬಿಟ್ಟಿದ್ದೇನೆ, ಒಳಗೆ ಬಂದ ನೀರು ಅಲ್ಲೇ ಇಳಿದುಹೋಗುತ್ತದೆ. ಸಂಜೆ ಸೋಪುನೀರಿನಲ್ಲಿ ಬಾಟಲಿ ಬ್ರಷ್ ಹಾಕಿ ಉಜ್ಜಿ, ಸ್ಪಿರಿಟ್ ಸುರಿದು ಬೋರಲು ಹಾಕುತ್ತೇನೆ. ಚಾಕುವನ್ನು ರಾತ್ರಿ ಒರೆಯಲ್ಲಿ ಇಡುವುದಿಲ್ಲ, ಒರೆಸಿ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿ ಬೇರೆ ಇಡುತ್ತೇನೆ. ಬೆಳಿಗ್ಗೆ ಆ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಯೇ ಕಡ್ಡಿ ಮುಟ್ಟುವುದು. ಬೂದು ಬಣ್ಣ ತರಗೆಲೆಯಲ್ಲಿ ಕಾಣುವುದಿಲ್ಲ, ಅದಕ್ಕೆ ಒರೆಗೆ ಕೆಂಪು ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ. ಮೆಣಸಿಗೆ ಬೇರೆ ಚಾಕು ಬಡಿಸಲು ಕೊಟ್ಟಿದ್ದೇನೆ. ಅದರ ಒರೆಗೆ ಹಳದಿ ಟೇಪ್.