ಹಿತ್ತಲ ಅಗಳು ಮುಚ್ಚಿದ ವರ್ಷ

ತೀರ್ಥಹಳ್ಳಿ ಸುತ್ತಮುತ್ತ ಮನೆ ರಿಪೇರಿ ಕೆಲಸ ಹಿಡಿದು ಹದಿನಾರು ವರ್ಷ ಆಯಿತು. ಯುಗಾದಿ ಕಳೆದ ಮೇಲೆ ಮಳೆ ಹಿಡಿಯುವ ತನಕ ನಮಗೆ ಪುರುಸೊತ್ತೇ ಇರುವುದಿಲ್ಲ. ಹಂಚು ಕೈಯಾಡಿಸಬೇಕು, ಗೆದ್ದಲು ತಿಂದ ರೀಪು ಬದಲಿಸಬೇಕು, ಮಾಡಿನ, ಅಂದರೆ ಸೂರಿನ, ನೀರು ಹರಿಯುವ ದೋಣಿಯಲ್ಲಿ ತುಂಬಿದ ತರಗೆಲೆ ಬಾಚಬೇಕು. ಫೋನ್ ಮಾಡುವವರು ಕೇಳುವುದು ಒಂದೇ: "ಮಾಡು ಸೋರ್ತದೆ, ಯಾವಾಗ ಬರ್ತೀರಿ?" ಹಿತ್ತಲ ಧರೆ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ) ನೋಡಿ, ಅಂಗಳದ ನೀರು ಎಲ್ಲಿಗೆ ಹೋಗುತ್ತದೆ ನೋಡಿ ಅಂತ ಕರೆಯುವವರು ತೀರಾ ಕಡಿಮೆ. ನಾನೂ ಅದನ್ನು ನೋಡುತ್ತಿರಲಿಲ್ಲ. ಆಗುಂಬೆ ಕಡೆಯ ಒಂದು ಮನೆ ನನಗೆ ಅದನ್ನು ಕಲಿಸಿತು.

ಗುಡ್ಡ ಕಡಿದು ಕಟ್ಟಿದ ಹಳೇ ಮಣ್ಣಿನ ಗೋಡೆಯ ಮನೆ ಅದು. ಹಿಂದೆ ಹನ್ನೆರಡು ಅಡಿ ಎತ್ತರದ ಧರೆ. ಧರೆಗೂ ಗೋಡೆಗೂ ನಡುವೆ ಒಂದು ಅಗಳು, ಅಂದರೆ ನೀರು ಹರಿಯಲು ತೋಡಿದ ಕಾಲುವೆ. ಆ ಮನೆಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರು. ಅಮ್ಮ ಹಿತ್ತಲಲ್ಲಿ ಪಾಚಿಗೆ ಜಾರಿ ಬಿದ್ದಿದ್ದರು. "ಅಗಳು ಮುಚ್ಚಿ ಸಪಾಟು ಕಾಂಕ್ರೀಟ್ ಹಾಕಿಬಿಡಿ, ಅಮ್ಮನಿಗೆ ಓಡಾಡೋಕೆ ಅನುಕೂಲ" ಎಂದರು. ಮಗನ ಕಾಳಜಿ ಸರಿಯಾಗೇ ಇತ್ತು. ನಾಲ್ಕು ಇಂಚಿನ ಪೈಪು ಒಳಗಿಟ್ಟು ಮುಚ್ಚಲು ಹೊರಟೆ. ನಮ್ಮ ಹಿರಿಯ ಮೇಸ್ತ್ರಿ ತಡೆದರು: "ಬೇಡ ಕಣ್ರಿ. ಸುಮ್ನೆ ತೋಡಿದ್ದಲ್ಲ ಇದು. ಇದನ್ನ ಮುಚ್ಚಿದ್ರೆ ನೀರು ಮನೆ ಒಳಗೇ ಬರ್ತದೆ." ಪೈಪಿದೆಯಲ್ಲ ಎಂದು ನಾನು ಮುಂದುವರಿದೆ.

ಪುಷ್ಯ ಮಳೆಯಲ್ಲಿ ಫೋನ್ ಬಂತು. ಅಡುಗೆಮನೆಯ ನೆಲದಲ್ಲಿ ಜಲ ಎದ್ದಿದೆ, ಅಂದರೆ ನೆಲದಡಿಯ ಒರತೆ ಉಕ್ಕಿದೆ ಎಂದರು. ಹೋಗಿ ನೋಡಿದರೆ ಅದು ಜಲ ಅಲ್ಲವೇ ಅಲ್ಲ. ಧರೆಯಿಂದ ಇಳಿದ ಕೆಸರು, ಎಲೆ ಸೇರಿ ಪೈಪು ಕಟ್ಟಿಕೊಂಡಿತ್ತು. ಹೋಗಲು ಜಾಗವಿಲ್ಲದ ನೀರು ಗೋಡೆಯ ಬುಡದಿಂದ ಒಳಗೆ ಬಂದಿತ್ತು. ಗೋಡೆ ಮೊಣಕಾಲೆತ್ತರ ನೆನೆದಿತ್ತು. ಇನ್ನೆರಡು ದಿನ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಎದೆ ನಡುಗುತ್ತದೆ. ಅಮ್ಮನನ್ನು ಪಕ್ಕದ ಮನೆಗೆ ಕಳಿಸಿ, ಸುರಿಯುವ ಮಳೆಯಲ್ಲೇ ಹಾರೆ ಹಿಡಿದು ಕಾಂಕ್ರೀಟ್ ಒಡೆದೆವು. ಮೇಸ್ತ್ರಿ ಒಂದು ಮಾತೂ ಆಡಲಿಲ್ಲ. ನಾನೇ ಅವರ ಹತ್ತಿರ ತಪ್ಪಾಯಿತು ಎಂದೆ. ಆ ಗೋಡೆ ಒಣಗಿದ್ದು ದೀಪಾವಳಿ ಹೊತ್ತಿಗೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ಒಂದು ದಿನ 200 ಮಿಲಿಮೀಟರ್ ಹೊಡೆದರೆ ಅಷ್ಟು ಜಾಗದ ಮೇಲೆ 18,000 ಲೀಟರಿಗೂ ಜಾಸ್ತಿ ಬೀಳುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ ಅಂಥ ದಿನ ಹೊಸತಲ್ಲ. ಗುಡ್ಡದಿಂದ ಇಳಿಯುವುದು ಬೇರೆ. ನನ್ನ ನಾಲ್ಕು ಇಂಚಿನ ಪೈಪು ಅದಕ್ಕೆ ಯಾವ ಲೆಕ್ಕ?

ಈಗ ಯಾರೇ ಕರೆದರೂ ಮೊದಲು ಕೇಳುವುದು ಹೋದ ವರ್ಷದ ಮಳೆಯ ವಿಡಿಯೋ. ಮೊಬೈಲಿನಲ್ಲಿ ಯಾರಾದರೂ ತೆಗೆದಿರುತ್ತಾರೆ, ಅಲ್ವಾ? ಬೇಸಿಗೆಯ ಒಣ ಅಂಗಳ ನೋಡಿದರೆ ನೀರಿನ ದಾರಿ ಗೊತ್ತಾಗುವುದಿಲ್ಲ. ವಿಡಿಯೋ ಇಲ್ಲದಿದ್ದರೆ ಮನೆಯ ಹಿರಿಯರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳುತ್ತೇನೆ. ಆಮೇಲೆ ಧರೆ ಹತ್ತುತ್ತೇನೆ. ಮೇಲಿನಿಂದ ಬರುವ ನೀರನ್ನು ಧರೆಗೆ ಮುಟ್ಟುವ ಮೊದಲೇ ಅಗಳು ತೋಡಿ ಪಕ್ಕಕ್ಕೆ ತಿರುಗಿಸಬೇಕು. ಆ ಅಗಳಿಗೆ ಸರಿಯಾದ ಇಳಿಜಾರು ಬೇಕು. ನೀರು ಅಲ್ಲೇ ನಿಂತು ಇಂಗಿದರೆ ಮಣ್ಣು ಭಾರವಾಗಿ ಜಾರುತ್ತದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಮನೆ ಹಿಂದಿನ ಧರೆಯ ನೆತ್ತಿಯಲ್ಲಿ ಖಂಡಿತ ಬೇಡ. ತಡೆಗೋಡೆ ಇದ್ದರೆ ಅದರಲ್ಲಿ ಬಿಟ್ಟಿರುವ ಪೈಪುಗಳಿಗೆ ಕಂಬಿ ತೂರಿಸಿ ನೋಡುತ್ತೇನೆ. ಎಷ್ಟೋ ಕಡೆ ಪೂರ್ತಿ ಕಟ್ಟಿರುತ್ತವೆ. ಅಂಗಳ ಅಗಲ ಮಾಡಲು ಮೇ ತಿಂಗಳಲ್ಲಿ ಜೆಸಿಬಿ ತರಿಸಿ ಧರೆಯ ಬುಡ ಕೆರೆಸುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ.

ಮಾಡಿನ ಕೆಲಸ ಇಷ್ಟು ಕಷ್ಟದ್ದಲ್ಲ. ಮಂಗ ಹಾರಿ ಒಡೆದ ಹಂಚನ್ನು ಒಣಗಿದ್ದಾಗಲೇ ಬದಲಿಸಿ, ಪಾಚಿ ಕಟ್ಟಿದ ಮಾಡು ಹತ್ತಬೇಡಿ. ಕರೆಂಟ್ ತಂತಿಗೆ ತಾಗುವ ಕೊಂಬೆ ಇದ್ದರೆ ಮೆಸ್ಕಾಂನವರಿಗೆ ಹೇಳಿ. ನೀವೇ ಕತ್ತಿ ಹಿಡಿದು ಹತ್ತಬೇಡಿ.

ಕೆಲವು ಮನೆಗಳ ಕೆಲಸ ನಾನು ಒಪ್ಪಿಕೊಳ್ಳುವುದೇ ಇಲ್ಲ. ಧರೆಯ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ, ಮರ ಮನೆ ಕಡೆ ವಾಲಿದ್ದರೆ, ಮೊದಲು ನೀರೇ ಇಲ್ಲದ ಕಡೆ ಕೆಂಪು ನೀರು ಬರುತ್ತಿದ್ದರೆ ಟಾರ್ಪಾಲ್ ಹೊದಿಸಿ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ. ಪಂಚಾಯಿತಿಗೆ ತಿಳಿಸಿ, ಆಶ್ಲೇಷ ಮಳೆ ಮುಗಿಯುವ ತನಕವಾದರೂ ನೆಂಟರ ಮನೆಯಲ್ಲಿರಿ ಎನ್ನುತ್ತೇನೆ. ಹೋದ ವರ್ಷ ಒಬ್ಬರು ಸಿಟ್ಟಾಗಿ ಫೋನ್ ಇಟ್ಟರು. ಎರಡು ದಿನ ಬಿಟ್ಟು ಮತ್ತೆ ಮಾಡಿದೆ. ದನಗಳನ್ನು ಏನು ಮಾಡುವುದು ಎಂಬುದೇ ಅವರ ಚಿಂತೆಯಾಗಿತ್ತು. ಕೆಳಗಿನ ಮನೆಯವರ ಕೊಟ್ಟಿಗೆಯಲ್ಲಿ ಜಾಗ ಕೇಳಿ ಕೊಡಿಸಿದೆ. ಆಮೇಲೆ ಅವರು ಹೊರಟರು.